ಮೀನು ಒಗ್ಗದವರ ಊಟ

ದಾವಣಗೆರೆ ತಾಲ್ಲೂಕಿನ ಲೋಕಿಕೆರೆಯ ಹೆಸರಿನಲ್ಲಿಯೇ ಕೆರೆಯಿದೆ. ಬಯಲುಸೀಮೆಯಲ್ಲಿ ನೀರು ನಿಂತ ಕಡೆ ಮೀನೂ ಉಂಟು. ಅದೇ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿ ಸೂಳೆಕೆರೆಯೆಂದು ಹೆಸರಾದ ವಿಶಾಲವಾದ ಶಾಂತಿಸಾಗರವಿದೆ. ಹರಿಹರದ ಮಗ್ಗುಲಲ್ಲಿಯೇ ತುಂಗಭದ್ರೆ ಹರಿಯುತ್ತಾಳೆ. ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಜಾತಿಯ ಮೀನುಗಳನ್ನು ನಮ್ಮ ನಾಡಿನ ಕೆರೆಗಳಲ್ಲಿ ಮರಿ ಬಿಟ್ಟು ಬೆಳೆಸುತ್ತಾರೆ. ಬಂಗುಡೆ, ಬೂತಾಯಿ, ಅಂಜಲ್ ಮೊದಲಾದ ಕಡಲ ಮೀನುಗಳು ಮಂಜುಗಡ್ಡೆಯ ನಡುವೆ ಮಲಗಿ ಘಟ್ಟವನ್ನೇರಿ ಬರುತ್ತವೆ. ಹೀಗಾಗಿ ಕಡಲನ್ನೇ ಕಾಣದ ಊರುಗಳಲ್ಲಿಯೂ ಮೀನಿನ ಸಾರಿಗೆ ಕೊರತೆಯಿಲ್ಲ.

ಮೀನು ಪುಷ್ಟಿಕರವಾದ ಆಹಾರವೆಂಬುದನ್ನು ಎಲ್ಲರೂ ಬಲ್ಲರು. ಆದರೆ ಹತ್ತು ಜನರಿಗೆ ಹಿತವಾದುದು ಹನ್ನೊಂದನೆಯವನಿಗೆ ಪ್ರಾಣಾಂತಿಕವಾಗಬಹುದು. ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಲೋಕಿಕೆರೆಯ ಹುಡುಗನೊಬ್ಬ ದಾವಣಗೆರೆಯಲ್ಲಿ ಕಾಲೇಜು ಸೇರಿ ವಿದ್ಯಾರ್ಥಿನಿಲಯದಲ್ಲಿದ್ದಾನೆ. ಮೀನು ತನಗೆ ಒಗ್ಗದೆಂಬುದನ್ನು ಬಾಲ್ಯದಿಂದಲೂ ಬಲ್ಲ. ಒಂದು ಭಾನುವಾರ ಗೆಳೆಯನ ಮನೆಯಲ್ಲಿ ಊಟ. “ಮೀನು ಬೇಡವಾದರೆ ಬೇಡಪ್ಪ, ತುಂಡು ಬರದ ಹಾಗೆ ಬರಿಯ ಸಾರು ಬಿಡುತ್ತೇನೆ” ಎನ್ನುತ್ತಾರೆ ಗೆಳೆಯನ ತಾಯಿ. ಅವರ ಮಾತಿನಲ್ಲಿ ವಾತ್ಸಲ್ಯವಿದೆ. ಹುಡುಗನೂ ಸಂಕೋಚದಿಂದ ಒಪ್ಪಿಕೊಳ್ಳುತ್ತಾನೆ. ಮುದ್ದೆಯ ನಾಲ್ಕು ತುತ್ತು ಒಳಗೆ ಹೋಗುವಷ್ಟರಲ್ಲಿ ಬಾಯಿ ನವೆಯಾಗುತ್ತದೆ, ತುಟಿ ಊದುತ್ತದೆ, ಮೈಮೇಲೆ ದದ್ದುಗಳೇಳುತ್ತವೆ, ಉಸಿರು ಸಿಳ್ಳೆಯಂತೆ ಸದ್ದು ಮಾಡತೊಡಗುತ್ತದೆ. ಮನೆಯವರು ಗಾಬರಿಗೊಂಡು “ಮೀನಿನ ತುಂಡು ತಟ್ಟೆಗೆ ಬೀಳಲೇ ಇಲ್ಲವಲ್ಲ!” ಎನ್ನುತ್ತಾರೆ.

ಅವರು ಹೇಳುವುದು ಸತ್ಯ. ತುಂಡು ಬಿದ್ದಿಲ್ಲ. ಹಾಗಾದರೆ ಬಿದ್ದದ್ದೇನು? ಈ ಪ್ರಶ್ನೆಗೆ ಉತ್ತರ ತಿಳಿದರೆ ಮೀನು ಒಗ್ಗದವರಿಗೆ ಅಡಿಗೆ ಮಾಡುವ ಮತ್ತು ಬಡಿಸುವ ಕ್ರಮವೆಲ್ಲ ತಾನಾಗಿಯೇ ತಿಳಿಯುತ್ತದೆ.

ಒಗ್ಗದಿಕೆಯೆಂದರೇನು?

ನಮ್ಮ ದೇಹದಲ್ಲಿ ಹೊರಗಿನ ಶತ್ರುಗಳನ್ನು ಗುರುತಿಸಿ ಎದುರಿಸುವ ಒಂದು ರಕ್ಷಣಾವ್ಯವಸ್ಥೆಯಿದೆ. ರೋಗಾಣುಗಳು ಒಳನುಗ್ಗಿದಾಗ ಅದು ನಮ್ಮನ್ನು ಕಾಪಾಡುತ್ತದೆ. ಕೆಲವರಲ್ಲಿ ಈ ಕಾವಲುಗಾರನು ನಿರಪಾಯವಾದ ವಸ್ತುವನ್ನೂ ಶತ್ರುವೆಂದು ಭ್ರಮಿಸಿ ಗದ್ದಲವೆಬ್ಬಿಸುತ್ತಾನೆ. ಹೀಗೆ ಬದಲಾದ ಪ್ರತಿಕ್ರಿಯೆಗೆ ೧೯೦೬ರಲ್ಲಿ ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ‘ಅಲರ್ಜಿ’ ಎಂಬ ಹೆಸರನ್ನಿತ್ತರು. ಕನ್ನಡದಲ್ಲಿ ಇದನ್ನು ಒಗ್ಗದಿಕೆಯೆನ್ನಬಹುದು.

ಒಗ್ಗದಿಕೆಯ ಗುಟ್ಟು ರಕ್ತದಲ್ಲಿದೆಯೆಂದು ಮೊದಲು ತೋರಿಸಿಕೊಟ್ಟ ಪ್ರಯೋಗವು ಮೀನಿನಿಂದಲೇ ನಡೆಯಿತೆಂಬುದು ಕುತೂಹಲದ ಸಂಗತಿ. ಅಂದು ಜರ್ಮನಿಯಲ್ಲಿದ್ದು ಇಂದು ಪೋಲೆಂಡಿಗೆ ಸೇರಿರುವ ಬ್ರೆಸ್ಲೌ ನಗರದಲ್ಲಿ ಕಾರ್ಲ್ ಪ್ರಾಸ್ನಿಟ್ಸ್ ಮತ್ತು ಹೈನ್ಸ್ ಕ್ಯುಸ್ಟ್ನರ್ ಎಂಬ ಇಬ್ಬರು ವೈದ್ಯರಿದ್ದರು. ಕ್ಯುಸ್ಟ್ನರ್ ಅವರಿಗೆ ಬೇಯಿಸಿದ ಮೀನು ಒಗ್ಗುತ್ತಿರಲಿಲ್ಲ. ಸ್ವಲ್ಪ ತಿಂದರೂ ನವೆ, ಸೀನು, ಕೆಮ್ಮು, ದದ್ದು, ವಾಂತಿಗಳು ಅವರನ್ನು ಬಾಧಿಸುತ್ತಿದ್ದುವು. ಪ್ರಾಸ್ನಿಟ್ಸ್ ಅವರಿಗೆ ಮೀನಿನಿಂದ ಯಾವ ತೊಂದರೆಯೂ ಇರಲಿಲ್ಲ. ಅವರು ಕ್ಯುಸ್ಟ್ನರ್ ಅವರ ರಕ್ತದಿಂದ ಬೇರ್ಪಡಿಸಿದ ದ್ರವವನ್ನು ಅತ್ಯಲ್ಪವಾಗಿ ತಮ್ಮ ಹೊಟ್ಟೆಯ ಮೇಲಣ ಚರ್ಮಕ್ಕೆ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿದಾಗ ಅಲ್ಲಿ ಕೆಂಪಾಗಿ ದದ್ದು ಎದ್ದಿತು. ಅಂದರೆ ರಕ್ತದಲ್ಲಿರುವ ಯಾವುದೋ ವಸ್ತುವಿನೊಡನೆ ಒಗ್ಗದಿಕೆಯೂ ಒಬ್ಬರಿಂದ ಒಬ್ಬರಿಗೆ ಸಾಗಿತ್ತು. ೧೯೨೧ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಆ ವಸ್ತು ಯಾವುದೆಂದು ತಿಳಿಯಲು ಮತ್ತೆ ನಾಲ್ಕೂವರೆ ದಶಕಗಳು ಬೇಕಾದುವು. ೧೯೬೬-೬೭ರಲ್ಲಿ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ಇಷಿಜಾಕಾ ದಂಪತಿಗಳೂ, ಸ್ವೀಡನ್ನಿನಲ್ಲಿ ಯೋಹಾನ್ಸನ್ ಮತ್ತು ಬೆನ್ನಿಕ್ ಅವರೂ ಪ್ರತ್ಯೇಕವಾಗಿ ಅದನ್ನು ಕಂಡುಹಿಡಿದರು. ೧೯೬೮ರಲ್ಲಿ ಅದಕ್ಕೆ ‘ಇಮ್ಯುನೊಗ್ಲಾಬ್ಯುಲಿನ್ ಇ’ ಎಂಬ ಹೆಸರು ನಿಶ್ಚಿತವಾಯಿತು. ಈ ಪ್ರತಿಕಾಯವು ಚರ್ಮದಲ್ಲಿಯೂ ಮೂಗು, ಗಂಟಲು, ಕರುಳುಗಳ ಒಳಪದರದಲ್ಲಿಯೂ ಇರುವ ‘ಮಾಸ್ಟ್’ ಎಂಬ ಜೀವಕಣಗಳ ಮೈಗೆ ಅಂಟಿಕೊಂಡು ಹೊಂಚುಹಾಕುತ್ತಿರುತ್ತದೆ. ತಾನು ಗುರುತಿಟ್ಟುಕೊಂಡ ಆಹಾರಾಂಶ ಬಂದೊಡನೆಯೇ ಆ ಕಣಗಳು ಒಡಲನ್ನು ಬಿಚ್ಚಿ ಹಿಸ್ಟಮೀನ್ ಮೊದಲಾದ ರಾಸಾಯನಿಕಗಳನ್ನು ಚೆಲ್ಲುತ್ತವೆ. ರಕ್ತನಾಳಗಳು ಸಡಿಲಗೊಂಡು ಸೋರುತ್ತವೆ. ಅದರಿಂದ ಊತ, ದದ್ದು. ಶ್ವಾಸನಾಳಗಳು ಬಿಗಿಯುತ್ತವೆ, ಅದರಿಂದ ಏದುಸಿರು. ಇಡೀ ದೇಹದಲ್ಲಿ ಇದು ಒಮ್ಮೆಗೇ ನಡೆದರೆ ರಕ್ತದ ಒತ್ತಡ ಕುಸಿಯುತ್ತದೆ. ಅದಕ್ಕೆ ‘ಅನಫೈಲಾಕ್ಸಿಸ್’ ಎಂದು ಹೆಸರು. ತಕ್ಷಣ ಚಿಕಿತ್ಸೆ ದೊರೆಯದಿದ್ದರೆ ಅದು ಪ್ರಾಣವನ್ನೇ ತೆಗೆಯಬಲ್ಲುದು.

ಬೆಂಕಿಗೆ ಬಗ್ಗದ ಸಸಾರಜನಕ

ಮೀನಿನಲ್ಲಿ ಈ ಗದ್ದಲಕ್ಕೆ ಮುಖ್ಯ ಕಾರಣವಾದ ವಸ್ತು ಪಾರ್ವಾಲ್ಬ್ಯುಮಿನ್ ಎಂಬ ಸಸಾರಜನಕ, ಎಂದರೆ ಪ್ರೋಟೀನು. ಇದು ಮೀನಿನ ಮಾಂಸಖಂಡದಲ್ಲಿದೆ. ಮಾಂಸಖಂಡವು ಸಂಕೋಚಗೊಂಡ ಮೇಲೆ ಅಲ್ಲಿಯ ಕ್ಯಾಲ್ಸಿಯಂ ಕಣಗಳನ್ನು ಹಿಡಿದಿಟ್ಟು, ಅದು ಬೇಗನೆ ಸಡಿಲವಾಗಲು ನೆರವಾಗುವುದು ಇದರ ಕೆಲಸ. ಚುರುಕಾಗಿ ಬಾಲ ಬಡಿಯುವ ಬಿಳಿಯ ಮಾಂಸಖಂಡದಲ್ಲಿ ಇದು ಹೆಚ್ಚು. ಕಪ್ಪು ಛಾಯೆಯ ಮಾಂಸಖಂಡದಲ್ಲಿ ಕಡಿಮೆ. ನಾರ್ವೆಯ ವಿಜ್ಞಾನಿಗಳು ಕಾಡ್ ಎಂಬ ಮೀನಿನಿಂದ ಇದನ್ನು ಬೇರ್ಪಡಿಸಿ ಅಭ್ಯಸಿಸಿದರು.

ಈ ಸಸಾರಜನಕಕ್ಕೆ ಎರಡು ಗುಣಗಳಿವೆ. ಅಡಿಗೆ ಮಾಡುವವರು ಇವೆರಡನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಮೊದಲನೆಯದಾಗಿ, ಇದು ಶಾಖಕ್ಕೆ ಬಗ್ಗುವುದಿಲ್ಲ. ಬಹುಪಾಲು ಸಸಾರಜನಕಗಳು ಕಾದಾಗ ತಮ್ಮ ಆಕಾರವನ್ನು ಕಳೆದುಕೊಳ್ಳುತ್ತವೆ. ಮೊಟ್ಟೆಯ ಲೋಳೆ ಕಾದು ಬೆಳ್ಳಗೆ ಗಟ್ಟಿಯಾಗುವುದನ್ನು ನೋಡಿಲ್ಲವೆ? ಮೊಟ್ಟೆ ಒಗ್ಗದ ಕೆಲವು ಮಕ್ಕಳು ಚೆನ್ನಾಗಿ ಬೆಂದ ಕೇಕಿನಲ್ಲಿರುವ ಮೊಟ್ಟೆಯನ್ನು ಅರಗಿಸಿಕೊಳ್ಳುವುದಕ್ಕೆ ಇದೇ ಕಾರಣ. ಪಾರ್ವಾಲ್ಬ್ಯುಮಿನ್ ಹಾಗಲ್ಲ. ಸುಮಾರು ನೂರೆಂಟು, ನೂರೊಂಬತ್ತು ಅಮೈನೊ ಆಮ್ಲಗಳ ಪುಟ್ಟ ಸರಪಳಿಯಾದ ಇದು ಎರಡು ಕ್ಯಾಲ್ಸಿಯಂ ಕಣಗಳನ್ನು ಅಪ್ಪಿಕೊಂಡು ಬಿಗಿಯಾಗಿ ಮಡಿಸಿಕೊಂಡಿದೆ. ಕುದಿಯುವ ನೀರಿನ ೧೦೦ ಡಿಗ್ರಿ ಉಷ್ಣತೆಯಲ್ಲಿ ಮಡಿಕೆ ತುಸು ಸಡಿಲಿದರೂ ತಣಿದಾಗ ಬಹುಮಟ್ಟಿಗೆ ಮೊದಲಿನಂತೆಯೇ ಮಡಿಸಿಕೊಳ್ಳಬಲ್ಲುದು.

ಎರಡನೆಯದಾಗಿ, ಇದು ನೀರಿನಲ್ಲಿ ಕರಗುತ್ತದೆ. ಮೀನು ಸಾರಿನಲ್ಲಿ ಕುದಿಯುತ್ತಿರುವಾಗ ತುಂಡಿನಿಂದ ಹೊರಟು ಸಾರಿನಲ್ಲೆಲ್ಲ ಬೆರೆಯುತ್ತದೆ. ಆದುದರಿಂದ ತುಂಡನ್ನು ತೆಗೆದು ಸಾರನ್ನು ಬಡಿಸಿದರೆ ಉಪ್ಪಿನ ಗಂಟನ್ನು ತೆಗೆದು ಉಪ್ಪುನೀರನ್ನು ಕೊಟ್ಟಂತೆಯೇ ಸರಿ. ನಮ್ಮ ಹುಡುಗನ ತಟ್ಟೆಗೆ ಬಿದ್ದದ್ದು ಇದೇ.

ಇನ್ನೊಂದು ಮಾತು. ಬೇರೆ ಬೇರೆ ಮೀನುಗಳ ಪಾರ್ವಾಲ್ಬ್ಯುಮಿನ್‌ಗಳು ಒಂದನ್ನೊಂದು ಬಹುವಾಗಿ ಹೋಲುತ್ತವೆ. ಬಂಗುಡೆ ಒಗ್ಗದವನು ರೋಹುವನ್ನು ತಿನ್ನಬಹುದೆಂದು ಊಹೆಯಿಂದ ನಿರ್ಧರಿಸಬಾರದು. ಕೆಲವರಿಗೆ ಕೆಲವು ಜಾತಿಯ ಮೀನುಗಳು ಒಗ್ಗುವುದುಂಟು; ಆದರೆ ಅದನ್ನು ಪರೀಕ್ಷಿಸುವ ಸ್ಥಳ ಆಸ್ಪತ್ರೆಯೇ ಹೊರತು ಊಟದ ಮನೆಯಲ್ಲ. ಸೀಗಡಿ, ಏಡಿಗಳ ವಿಷಯ ಬೇರೆ. ಅವು ನೀರಿನಲ್ಲಿದ್ದರೂ ಮೀನುಗಳಲ್ಲ. ಅವುಗಳಲ್ಲಿ ತೊಂದರೆ ಕೊಡುವುದು ಟ್ರೋಪೊಮಯೊಸಿನ್ ಎಂಬ ಮತ್ತೊಂದು ಸಸಾರಜನಕ. ಮೀನು ಒಗ್ಗದವನಿಗೆ ಸೀಗಡಿ ಒಗ್ಗಬಹುದು, ಸೀಗಡಿ ಒಗ್ಗದವನಿಗೆ ಮೀನು ಒಗ್ಗಬಹುದು. ಆದರೆ ಮಾರುವವನ ಬುಟ್ಟಿಯಲ್ಲಿ ಅವೆರಡೂ ಒಂದೇ ಮಂಜುಗಡ್ಡೆಯ ನೀರಿನಲ್ಲಿ ನೆನೆದಿರುತ್ತವೆಂಬುದನ್ನು ಮರೆಯಬಾರದು.

ಅಡಿಗೆಮನೆಯ ಕ್ರಮ

ರೋಗಾಣುಗಳ ವಿಷಯದಲ್ಲಿ ‘ಚೆನ್ನಾಗಿ ಬೇಯಿಸು’ ಎಂಬುದು ದೊಡ್ಡ ಸೂತ್ರ. ಒಗ್ಗದಿಕೆಯ ವಿಷಯದಲ್ಲಿ ಆ ಸೂತ್ರ ಕೆಲಸಕ್ಕೆ ಬಾರದು. ಇಲ್ಲಿರುವ ಸೂತ್ರ ಒಂದೇ: ಬೇರೆಯಾಗಿಡು. ಕೆಲವು ಮಿಲಿಗ್ರಾಮುಗಳಷ್ಟು ಸಸಾರಜನಕವೂ ಸೂಕ್ಷ್ಮ ಪ್ರಕೃತಿಯವರನ್ನು ಪೀಡಿಸಬಲ್ಲುದು. ಅಷ್ಟು ಅಂಶವು ಸರಿಯಾಗಿ ತೊಳೆಯದ ಒಂದು ಸೌಟಿನಲ್ಲಿ ಉಳಿದಿರಬಹುದು.

ಮನೆಯಲ್ಲಿ ಒಬ್ಬರಿಗೆ ಮೀನು ಒಗ್ಗದಿದ್ದರೆ ಉಳಿದವರೂ ಅದನ್ನು ಬಿಡುವುದು ಅತ್ಯಂತ ಸುರಕ್ಷಿತ. ಬಿಡಲಾರೆವೆನ್ನುವವರು ಕಾಲಕ್ರಮವನ್ನಾದರೂ ಪಾಲಿಸಬೇಕು. ಮೀನಿಲ್ಲದ ಅಡಿಗೆಯನ್ನು ಮೊದಲು ಮುಗಿಸಿ, ಮುಚ್ಚಿ, ಬೇರೆಡೆ ತೆಗೆದಿಟ್ಟು, ಅನಂತರವೇ ಮೀನನ್ನು ಮುಟ್ಟಬೇಕು. ಈಳಿಗೆಮಣೆ, ಚಾಕು, ಪಾತ್ರೆ, ಸೌಟುಗಳು ಮೀನಿಗೆಂದೇ ಬೇರೆಯಾಗಿರಬೇಕು. ಮರದ ಹಲಗೆಯ ಗೀರುಗಳಲ್ಲಿಯೂ, ರುಬ್ಬುವ ಕಲ್ಲಿನ ಸಣ್ಣ ರಂಧ್ರಗಳಲ್ಲಿಯೂ ಮೀನಿನ ಅಂಶ ಕುಳಿತುಬಿಡುತ್ತದೆ. ಅವುಗಳನ್ನು ಎರಡಕ್ಕೂ ಬಳಸಬಾರದು. ನಮ್ಮ ಎಷ್ಟೋ ಮನೆಗಳಲ್ಲಿ ಮೀನು ಮಾಂಸಗಳಿಗೆ ಬೇರೆ ಮಡಕೆಯನ್ನಿಡುವ ರೂಢಿ ಮೊದಲೇ ಉಂಟು. ಇಲ್ಲಿಯ ಕಾರಣ ಮಡಿ ಮೈಲಿಗೆಯದಲ್ಲ, ಸಸಾರಜನಕದ್ದು. ಆದರೂ ರೂಢಿಯಾಗಿರುವ ಕೈಗೆ ಈ ನಿಯಮ ಕಷ್ಟವಾಗಲಾರದು.

ಕರಿದ ಎಣ್ಣೆಯ ವಿಷಯದಲ್ಲಿ ಅನೇಕರು ಮೋಸಹೋಗುತ್ತಾರೆ. ಮೀನು ಕರಿದ ಎಣ್ಣೆಯನ್ನು ಸೋಸಿ ಅದರಲ್ಲಿಯೇ ಹಪ್ಪಳವನ್ನೋ ಬಜ್ಜಿಯನ್ನೋ ಕರಿಯುವುದುಂಟು. ಎಣ್ಣೆ ಹೊಗೆಯಾಡುವಷ್ಟು ಕಾದಿತ್ತಲ್ಲವೆ ಎಂಬ ಸಮಾಧಾನ ಸಲ್ಲದು. ಮೀನಿನ ಕಣಗಳು ಅದರಲ್ಲಿ ಉಳಿದೇ ಇರುತ್ತವೆ. ಮೀನು ಹುರಿದ ಕಾವಲಿಯ ಮೇಲೆ ದೋಸೆ ಹೊಯ್ದರೂ ಅಷ್ಟೆ. ಮೀನು ಕುದಿಯುವಾಗ ಏಳುವ ಆವಿಯೊಡನೆಯೂ ಸಸಾರಜನಕದ ಸೂಕ್ಷ್ಮ ಕಣಗಳು ಗಾಳಿಗೆ ಸೇರುತ್ತವೆ. ತೀರ ಸೂಕ್ಷ್ಮ ಪ್ರಕೃತಿಯವರಿಗೆ, ಅದರಲ್ಲಿಯೂ ಉಬ್ಬಸವಿದ್ದವರಿಗೆ, ಅದನ್ನು ಉಸಿರಾಡಿದರೂ ತೊಂದರೆಯಾಗಬಹುದು. ಅಂಥವರು ಆ ಹೊತ್ತಿಗೆ ಅಡಿಗೆಮನೆಯಿಂದ ದೂರವಿರಬೇಕು, ಕಿಟಕಿಗಳನ್ನು ತೆರೆದಿಡಬೇಕು.

ಪಾತ್ರೆಗಳನ್ನು ಸಾಬೂನು ಹಚ್ಚಿ, ಬಿಸಿನೀರಿನಲ್ಲಿ ಉಜ್ಜಿ ತೊಳೆಯಬೇಕು. ಕೈಗಳನ್ನೂ ಸಾಬೂನಿನಿಂದಲೇ ತೊಳೆಯಬೇಕು. ಮದ್ಯಸಾರ ಬೆರೆತ ಕೈಶುದ್ಧಿ ದ್ರವವು ರೋಗಾಣುಗಳನ್ನು ಕೊಲ್ಲಬಹುದು. ಸಸಾರಜನಕವು ಜೀವಿಯಲ್ಲವಾದುದರಿಂದ ಅದನ್ನು ಕೊಲ್ಲುವ ಮಾತೇ ಇಲ್ಲ. ಅದನ್ನು ಉಜ್ಜಿ ತೊಳೆದು ಸಾಗಿಸಬೇಕು. ಮೀನಿನ ಹಲಗೆಯನ್ನು ಒರಸಿದ ಬಟ್ಟೆಯಿಂದ ತಟ್ಟೆಗಳನ್ನು ಒರಸಬಾರದು.

ಬಡಿಸುವ ಕ್ರಮ

ದಾವಣಗೆರೆಯಲ್ಲಿ ದುರ್ಗಾಂಬಿಕೆಯ ಜಾತ್ರೆಯ ಕಾಲಕ್ಕೆ ಮನೆಮನೆಗಳೂ ನೆಂಟರಿಂದ ತುಂಬುತ್ತವೆ. ಇಂಥ ದೊಡ್ಡ ಊಟಗಳಲ್ಲಿ ಬಡಿಸುವವರು ಅನೇಕರು, ಸೌಟುಗಳು ಕೆಲವೇ. ಪಲ್ಯದ ಸೌಟು ಸಾರಿಗೆ, ಸಾರಿನ ಸೌಟು ಅನ್ನಕ್ಕೆ ಹೋಗುವುದು ಸಹಜ. ಆದುದರಿಂದ ಒಗ್ಗದಿಕೆಯುಳ್ಳವರಿಗೆ ಮೊದಲ ಪಂಕ್ತಿಯಲ್ಲಿಯೇ, ಇನ್ನೂ ಯಾವ ಸೌಟೂ ಅದ್ದದ ಪಾತ್ರೆಯಿಂದ, ಒಬ್ಬರೇ ನಿಂತು ಬಡಿಸುವುದು ಒಳ್ಳೆಯದು. ಅಡಿಗೆಯಲ್ಲಿ ಏನೇನು ಹಾಕಿದೆಯೆಂದು ಕೇಳಿದರೆ ತಿಳಿದಷ್ಟನ್ನು ಹೇಳಬೇಕು. ತಿಳಿಯದಿದ್ದರೆ ‘ತಿಳಿಯದು’ ಎನ್ನಬೇಕು. ‘ಏನೂ ಆಗುವುದಿಲ್ಲ, ತಿನ್ನು’ ಎಂಬ ಉಪಚಾರದ ಮಾತು ಇಲ್ಲಿ ಉಪಚಾರವಲ್ಲ.

ಹೊರಗೆ ಉಣ್ಣುವಾಗ ಮೀನು ವೇಷ ಮರೆಸಿಕೊಂಡಿರುತ್ತದೆ. ವೂಸ್ಟರ್‌ಷೈರ್ ಸಾಸಿನಲ್ಲಿ ಸಾಮಾನ್ಯವಾಗಿ ಆಂಚೊವಿ ಎಂಬ ಸಣ್ಣ ಮೀನು ಸೇರಿರುತ್ತದೆ. ಪೂರ್ವದೇಶಗಳ ಕ್ರಮದ ಅಡಿಗೆಗಳಲ್ಲಿ ಮೀನನ್ನು ಹುಳಿಸಿ ಮಾಡಿದ ಸಾಸನ್ನು ಬಳಸುತ್ತಾರೆ. ಒಣಮೀನಿನ ಪುಡಿಯನ್ನು ಚಟ್ನಿಗಳಿಗೆ ಬೆರೆಸುವುದುಂಟು. ಕಟ್ಟಿ ಮಾರುವ ಆಹಾರದ ವಿಷಯದಲ್ಲಿ ಕಾನೂನು ನಮಗೆ ನೆರವಾಗುತ್ತದೆ. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ೨೦೨೦ರಲ್ಲಿ ಹೊರಡಿಸಿದ ನಿಯಮಗಳ ಮೇರೆಗೆ ಮೀನು, ಏಡಿ ಸೀಗಡಿಗಳು, ಹಾಲು, ಮೊಟ್ಟೆ, ನೆಲಗಡಲೆ, ಸೋಯಾ ಮೊದಲಾದ ಒಗ್ಗದಿಕೆ ತರುವ ವಸ್ತುಗಳಿದ್ದರೆ ಅದನ್ನು ಪೊಟ್ಟಣದ ಮೇಲೆ ಸೂಚಿಸಲೇಬೇಕು. ಹತ್ತು ಅಥವಾ ಹೆಚ್ಚು ಕಡೆಗಳಲ್ಲಿ ಶಾಖೆಗಳುಳ್ಳ ಹೋಟೆಲುಗಳೂ ಈ ವಿವರವನ್ನು ಗಿರಾಕಿಗಳಿಗೆ ತಿಳಿಸಬೇಕು. ಬೀದಿಬದಿಯ ಗಾಡಿಗೂ ಸಣ್ಣ ಖಾನಾವಳಿಗೂ ಅಂಥ ಫಲಕವಿರುವುದಿಲ್ಲ. ಅಲ್ಲಿ ಬಾಯಿಬಿಟ್ಟು ಕೇಳುವುದೊಂದೇ ದಾರಿ. ಮಾಂಸಾಹಾರದ ಕಂದು ಗುರುತನ್ನು ನೋಡಿದರೆ ಸಾಲದು. ಒಳಗಿರುವುದು ಕೋಳಿಯೋ ಮೀನೋ ಎಂದು ಅದು ಹೇಳುವುದಿಲ್ಲ.

ಕೆಲವು ತಪ್ಪು ತಿಳುವಳಿಕೆಗಳು

ಮೀನು ತಿಂದು ಮೈ ಕೆಂಪಾದುದೆಲ್ಲ ಒಗ್ಗದಿಕೆಯಲ್ಲ. ಬಂಗುಡೆ, ಬೂತಾಯಿ, ಸೂರೆ ಮೊದಲಾದ ಮೀನುಗಳನ್ನು ಹಿಡಿದ ಮೇಲೆ ಸರಿಯಾಗಿ ತಣ್ಣಗಿಡದಿದ್ದರೆ ಬ್ಯಾಕ್ಟೀರಿಯಗಳು ಅವುಗಳಲ್ಲಿ ಹಿಸ್ಟಮೀನನ್ನು ಉತ್ಪಾದಿಸುತ್ತವೆ. ಅದನ್ನು ತಿಂದವರಿಗೂ ಮುಖ ಕೆಂಪೇರಿ, ತಲೆ ನೋಯುತ್ತದೆ, ಮೈ ನವೆಯಾಗುತ್ತದೆ. ಬೇಯಿಸಿದರೆ ಈ ಹಿಸ್ಟಮೀನೂ ಹೋಗುವುದಿಲ್ಲ. ಆದರೆ ಇದು ಹಳಸಿದ ಮೀನಿನ ದೋಷ. ಒಂದೇ ಮೀನನ್ನು ಉಂಡ ಹಲವರಿಗೆ ಒಟ್ಟಿಗೆ ಬರುವುದು ಇದರ ಕುರುಹು. ಕಡಲಿನಿಂದ ದೂರವಿರುವ ನಮ್ಮ ಬಯಲಿನ ಊರುಗಳಲ್ಲಿ, ದಾರಿಯಲ್ಲಿ ಮಂಜು ಕರಗಿದ್ದರೆ, ಇದಕ್ಕೆ ಅವಕಾಶ ಹೆಚ್ಚು. ಇನ್ನು, ಮೀನು ತಿಂದು ಹಾಲು ಕುಡಿದರೆ ತೊನ್ನು ಬರುವುದೆಂಬ ನಂಬಿಕೆಗೆ ಆಧಾರವಿಲ್ಲ. ಮೀನಿನ ಒಗ್ಗದಿಕೆಗೂ ಅಯೊಡಿನ್ನಿಗೂ ಸಂಬಂಧವಿಲ್ಲ.

‘ದಿನವೂ ಸ್ವಲ್ಪ ಸ್ವಲ್ಪ ತಿಂದರೆ ರೂಢಿಯಾಗುತ್ತದೆ’ ಎಂಬುದು ಎಲ್ಲಕ್ಕಿಂತ ಅಪಾಯಕರವಾದ ಸಲಹೆ. ಮನೆಯಲ್ಲಿ ಈ ಪ್ರಯೋಗವನ್ನು ಎಂದಿಗೂ ಮಾಡಬಾರದು.

ಇದರ ಎದುರಿಗೆ ಅನಾವಶ್ಯಕವಾದ ಭಯವೂ ಬೇಡ. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಡಾಕ್ಟರ್ ಪಿ. ಎ. ಮಹೇಶ್ ಮತ್ತು ಅವರ ಸಹೋದ್ಯೋಗಿಗಳು ಕರ್ನಾಟಕದ ೧೧,೭೯೧ ವಯಸ್ಕರಿಂದ ಮಾಹಿತಿ ಸಂಗ್ರಹಿಸಿ ಆಹಾರದ ಒಗ್ಗದಿಕೆಯನ್ನು ಅಭ್ಯಸಿಸಿದರು. ಫಲಿತಾಂಶಗಳು ೨೦೧೬ರಲ್ಲಿ ಪ್ರಕಟವಾದುವು. ಯಾವುದಾದರೊಂದು ಆಹಾರದ ವಿರುದ್ಧ ಪ್ರತಿಕಾಯಗಳು ರಕ್ತದಲ್ಲಿದ್ದವರ ಪ್ರಮಾಣ ಶೇಕಡ ೨೬.೫ ಎಂದು ಕಂಡುಬಂದಿತು. ಆದರೆ ನಿಜವಾಗಿ ಒಗ್ಗದಿಕೆಯಿರುವುದು ಸಂಭವವೆನ್ನಬಹುದಾದವರು ಶೇಕಡ ೧.೨ ಮಾತ್ರ. ರಕ್ತಪರೀಕ್ಷೆಯೊಂದರಿಂದಲೇ ಒಗ್ಗದಿಕೆ ಸಿದ್ಧವಾಗದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ತಿಂದಾಗ ಏನಾಯಿತು, ಎಷ್ಟು ಹೊತ್ತಿಗೆ ಆಯಿತು ಎಂಬ ವಿವರಗಳನ್ನೂ ಪರೀಕ್ಷೆಯನ್ನೂ ತೂಗಿ ನೋಡಿ ವೈದ್ಯರು ನಿರ್ಣಯಿಸಬೇಕು. ಸುಮ್ಮನೆ ಸಂಶಯಪಟ್ಟು ಒಳ್ಳೆಯ ಆಹಾರವನ್ನು ಜೀವಮಾನವಿಡೀ ತೊರೆಯುವುದೂ ನಷ್ಟವೇ.

ಅಪಾಯ ಒದಗಿದಾಗ

ಎಷ್ಟು ಎಚ್ಚರದಿಂದಿದ್ದರೂ ತಪ್ಪು ನಡೆಯಬಹುದು. ಬರಿಯ ದದ್ದು, ನವೆಗಳಿದ್ದರೆ ವೈದ್ಯರು ಕೊಟ್ಟ ಹಿಸ್ಟಮೀನ್ ವಿರೋಧಿ ಮಾತ್ರೆಯಿಂದ ಶಮನವಾಗಬಹುದು. ಆದರೆ ಉಸಿರಿಗೆ ತೊಂದರೆ, ಧ್ವನಿ ಒಡೆಯುವುದು, ನಾಲಗೆ ಊದುವುದು, ಪದೇ ಪದೇ ವಾಂತಿ, ತಲೆ ತಿರುಗಿ ಕಣ್ಣು ಕತ್ತಲಿಡುವುದು – ಇವುಗಳಲ್ಲಿ ಒಂದು ಕಂಡರೂ ಮಾತ್ರೆಯನ್ನು ನಂಬಿ ಕೂಡಬಾರದು. ಆಗ ಪ್ರಾಣ ಉಳಿಸುವ ಔಷಧ ಅಡ್ರಿನಲೀನ್. ಇದನ್ನು ತೊಡೆಯ ಹೊರಭಾಗದ ಮಾಂಸಖಂಡಕ್ಕೆ ಚುಚ್ಚುತ್ತಾರೆ. ಸಡಿಲಿದ ರಕ್ತನಾಳಗಳನ್ನು ಇದು ಬಿಗಿಗೊಳಿಸುತ್ತದೆ, ಬಿಗಿದ ಶ್ವಾಸನಾಳಗಳನ್ನು ಸಡಿಲಿಸುತ್ತದೆ. ಎಂದರೆ ಹಿಸ್ಟಮೀನು ಕೆಡಿಸಿದುದನ್ನು ನೇರವಾಗಿ ಸರಿಪಡಿಸುತ್ತದೆ. ತಡವಾದಷ್ಟೂ ಇದರ ಪ್ರಯೋಜನ ಕಡಿಮೆ.

ಕೂಡಲೆ ೧೦೮ಕ್ಕೆ ದೂರವಾಣಿ ಮಾಡಿ, ಮೀನಿನ ಒಗ್ಗದಿಕೆಯೆಂದು ಸ್ಪಷ್ಟವಾಗಿ ಹೇಳಬೇಕು. ಆಂಬುಲೆನ್ಸು ತಡವಾಗುವಂತಿದ್ದರೆ ಸಮೀಪದ ಆಸ್ಪತ್ರೆಗೆ ಒಯ್ಯಬೇಕು. ರೋಗಿಯನ್ನು ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರದಲ್ಲಿರಿಸಬೇಕು. ಉಸಿರಾಟ ಕಷ್ಟವಾಗಿದ್ದರೆ ಕಾಲು ಚಾಚಿ ಒರಗಿ ಕೂರಲಿ. ವಾಂತಿಯಾಗುತ್ತಿದ್ದರೆ ಮಗ್ಗುಲಿಗೆ ಮಲಗಲಿ. ಥಟ್ಟನೆ ಎಬ್ಬಿಸಿ ನಡೆಸುವುದು ಅಪಾಯಕರ. ರಕ್ತದ ಒತ್ತಡ ಮತ್ತಷ್ಟು ಕುಸಿಯಬಹುದು. ಚೇತರಿಸಿಕೊಂಡಂತೆ ಕಂಡರೂ ಕೆಲವು ಗಂಟೆಗಳ ಕಾಲ ಆಸ್ಪತ್ರೆಯಲ್ಲಿಯೇ ಇರಬೇಕು. ಅಡಗಿದ ತೊಂದರೆ ಮತ್ತೆ ತಲೆಯೆತ್ತುವುದುಂಟು. ಒಗ್ಗದಿಕೆಯುಳ್ಳ ವಿದ್ಯಾರ್ಥಿಗಳು ಆ ವಿಷಯವನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳುವುದೂ, ಕೊಠಡಿಯ ಗೆಳೆಯರಿಗೂ ನಿಲಯದ ಮೇಲ್ವಿಚಾರಕರಿಗೂ ತಿಳಿಸಿರುವುದೂ ವಿವೇಕ.

ಮತ್ತೆ ನಮ್ಮ ಹುಡುಗನ ಬಳಿಗೆ ಬರೋಣ. ಆ ತಾಯಿ ಮಾಡಬೇಕಾಗಿದ್ದುದು ಬಹಳವೇನೂ ಇಲ್ಲ. ಮೀನನ್ನು ಮುಟ್ಟುವ ಮೊದಲೇ ಬೇರೆ ಪಾತ್ರೆಯಲ್ಲಿ ಒಂದಿಷ್ಟು ಬೇಳೆಯ ಸಾರನ್ನು ಇಳಿಸಿ ಮುಚ್ಚಿಟ್ಟಿದ್ದರೆ ಸಾಕಾಗಿತ್ತು. ಹುಡುಗನು ಮಾಡಬೇಕಾಗಿದ್ದುದೂ ಅಷ್ಟೆ: “ಅಮ್ಮಾ, ತುಂಡಷ್ಟೇ ಅಲ್ಲ, ಆ ಸಾರೂ ನನಗಾಗದು” ಎಂದು ಊಟಕ್ಕೆ ಕೂರುವ ಮೊದಲೇ ಹೇಳಬೇಕಾಗಿತ್ತು. ಸಂಕೋಚದಿಂದ ಆಡದೆ ಉಳಿದ ಆ ಒಂದು ಮಾತು ಅವನ ಪ್ರಾಣಕ್ಕೆ ಎರವಾಗಬಹುದಾಗಿತ್ತು. ಮುಂದಿನ ಸಲ ನಿಮ್ಮ ಮನೆಗೆ ಗೆಳೆಯನೊಬ್ಬ ಊಟಕ್ಕೆ ಬಂದಾಗ, ಎಲೆ ಹಾಕುವ ಮುನ್ನ ‘ನಿನಗೆ ಒಗ್ಗದ ಪದಾರ್ಥವೇನಾದರೂ ಉಂಟೆ?’ ಎಂದು ನೀವೇ ಕೇಳಿರಿ.